ಸುತ್ತುವ ಸ್ವರಕ್ಕೊಂದು ಕಡಿವಾಣ

ಗಿಟಾರ್ ಕಲಿಯುತ್ತಿರುವ ಮಗನೋ ಮಗಳೋ ಲೂಪ್ ಪೆಡಲ್ ಬೇಕೆಂದು ಹಠ ಹಿಡಿದರೆ ಉಡುಪಿ, ಮಣಿಪಾಲದ ಪಾಲಕರು ಮೊದಲು ಕೇಳುವುದು ಬೆಲೆಯನ್ನು. ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಅದರಲ್ಲಿ ಡಿಕೇ ಉಂಟೆ?

ಕಾಲಲ್ಲಿ ಒತ್ತುವ ಈ ಪೆಟ್ಟಿಗೆ ನುಡಿಸಿದ್ದನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಹಾಕಬಹುದು. ಇದಕ್ಕೆ ಓವರ್‌ಡಬ್ ಎನ್ನುತ್ತಾರೆ. ತೊಂದರೆ ಶುರುವಾಗುವುದೂ ಇಲ್ಲೇ. ಕಾಲೇಜು ಉತ್ಸವದ ವೇದಿಕೆಯಲ್ಲಿ ಆರನೆಯ ಪದರ ಬೀಳುವ ಹೊತ್ತಿಗೆ ಎಲ್ಲವೂ ಕಲಸುಮೇಲೋಗರ. ಹಾಡುವವರ ದನಿ ಎಲ್ಲೋ ಅಡಿಯಲ್ಲಿ.

ಕಾರ್ಕಳದ ಗೊಮ್ಮಟನ ಬಳಿ 1432ರ ಪ್ರತಿಷ್ಠೆಯನ್ನು ಹೇಳುವ ಶಾಸನ ಇಂದಿಗೂ ಇದೆ. ಕಾಪು ದೀಪಸ್ತಂಭದ ಕೆಳಗೆ ಮರಳಲ್ಲಿ ಬರೆದ ಹೆಸರೋ, ಒಂದೊಂದು ಅಲೆಗೂ ಒಂದಿಷ್ಟು ಮಾಸುತ್ತದೆ. ಡಿಕೇ ಇಲ್ಲದ ಪೆಡಲ್ ಕಲ್ಲಿನ ಮೇಲಿನ ಬರಹ. ಡಿಕೇ ಇದ್ದದ್ದು ಮರಳಿನ ಬರಹ.

ಪಿಯುಸಿ ವಿದ್ಯಾರ್ಥಿಗಳಿಗೆ ಇದರ ಲೆಕ್ಕ ಗೊತ್ತಿರುವುದೇ. ಪ್ರತಿ ಸುತ್ತಿಗೆ ಹಳೆಯ ಧ್ವನಿಯ ಶೇ. 90 ಉಳಿಯುವಂತೆ ಗುಂಡಿ ತಿರುಗಿಸಿದರೆ ಏಳನೆಯ ಸುತ್ತಿಗೆ ಅದು ಅರ್ಧಕ್ಕಿಂತ ತುಸು ಕಡಿಮೆ, ಶೇ. 48ರಷ್ಟು. ಶೇ. 80 ಇಟ್ಟರೆ ಮೂರೇ ಸುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ. (ಕಿವಿಗೆ ಮಾತ್ರ ಅಷ್ಟು ಇಳಿಯಿತೆನಿಸದು, ಅದರ ಲೆಕ್ಕಾಚಾರ ಬೇರೆ.) ಇದು ಗುಣೋತ್ತರ ಶ್ರೇಢಿ. ಒಂದೇ ನಾದವನ್ನು ಸುತ್ತುಸುತ್ತಿಗೂ ಅಷ್ಟೇ ಜೋರಾಗಿ ಸೇರಿಸುತ್ತ ಹೋದರೂ ಶೇ. 90ರಲ್ಲಿ ಮೊತ್ತ ಹತ್ತು ಪಟ್ಟು ದಾಟದು, ಶೇ. 80ರಲ್ಲಿ ಐದು ಪಟ್ಟು. ಶೇ. 100 ಆದರೆ ಮಿತಿಯೇ ಇಲ್ಲ, ಧ್ವನಿ ಒಡೆಯುತ್ತದೆ.

ತಂಬೂರಿ ಕೇಳಿದವರಿಗೆ ಇದು ಹೊಸದಲ್ಲ. ಮೀಟಿದ ತಂತಿಯ ನಾದ ಕರಗುತ್ತಿರುವಾಗಲೇ ಮುಂದಿನ ಮೀಟು ಬೀಳುತ್ತದೆ. ಕರಗದೇ ಹೋಗಿದ್ದರೆ ಶ್ರುತಿ ಗದ್ದಲವಾಗುತ್ತಿತ್ತು. ರಾಬರ್ಟ್ ಫ್ರಿಪ್ ಮತ್ತು ಬ್ರಯಾನ್ ಈನೋ 1973ರಲ್ಲಿ ಹೊರತಂದ ತಟ್ಟೆಯಲ್ಲಿ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪು ಓಡಿಸಿ ಈ ಕೆಲಸ ಮಾಡಿದ್ದರು. ಎರಡನೆಯದರಿಂದ ಮೊದಲನೆಯದಕ್ಕೆ ಮರಳುವ ಧ್ವನಿಯನ್ನು ಎಷ್ಟು ತಗ್ಗಿಸಬೇಕೆಂಬುದೇ ಅಲ್ಲಿನ ಡಿಕೇ.

ಫೇಡ್ ಬೇರೆ. ಅದು ಹಾಡು ಮುಗಿಸುವಾಗ ಇಡೀ ಲೂಪನ್ನು ಕೆಲವು ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿಸುತ್ತದೆ. ಆಲಾಪದಂಥ ನಿಧಾನದ ಕೊನೆಗೆ ಚೆನ್ನ. ಚೆಂಡೆಯ ಮುಕ್ತಾಯದ ಹಾಗೆ ಒಮ್ಮೆಗೇ ನಿಲ್ಲಬೇಕಾದ ಕಡೆ ಸಪ್ಪೆ.

ತಾಳದ ಲೂಪಿಗೆ ಡಿಕೇ ಹಾಕಬಾರದು. ನಡುವೆಯೇ ತಾಳ ಕೈಕೊಡುತ್ತದೆ. ರಾಗದ ಎಳೆಗಳಿಗೆ ಹಾಕಬೇಕು. ಎರಡನ್ನೂ ಬೇರೆಬೇರೆ ಇಡಲು ಎರಡು ಟ್ರ್ಯಾಕಿನ ಪೆಡಲ್ ಬೇಕು, ಬೆಲೆಯೂ ಏರುತ್ತದೆ. ಬಾಸ್ ಆರ್‌ಸಿ-1ರಂಥ ಸರಳ ಪೆಟ್ಟಿಗೆಯಲ್ಲಿರುವುದು ಲೂಪಿನ ಧ್ವನಿ ಏರಿಳಿಸುವ ಒಂದೇ ಗುಂಡಿ. ಅದು ಡಿಕೇ ಅಲ್ಲ. ಕಲಿಯುವವರಿಗೆ ಅದೂ ಸಾಕು, ಪದರ ಕಡಿಮೆ ಹಾಕಿದರಾಯಿತು.

ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ. ಒಂದು ಸ್ವರ ತುಂಬಿಸಿ, ಡಿಕೇ ಎಂದು ತೋರಿಸಿದ ಗುಂಡಿಯನ್ನು ನಡುವಿಗೆ ತಂದು, ಓವರ್‌ಡಬ್ ಒತ್ತಿ, ಏನನ್ನೂ ನುಡಿಸದೆ ಐದಾರು ಸುತ್ತು ಕೇಳಲಿ. ಸ್ವರ ಸುತ್ತಿನಿಂದ ಸುತ್ತಿಗೆ ಮಾಸುತ್ತಿದ್ದರೆ ಡಿಕೇ ಇದೆ. ಆಮೇಲೆ ಓವರ್‌ಡಬ್ ನಿಲ್ಲಿಸಿ ಇನ್ನೊಮ್ಮೆ ಕೇಳಬೇಕು: ಕೆಲವು ಪೆಡಲುಗಳಲ್ಲಿ ಬರೀ ಓಡುವಾಗಲೂ ಮಾಸುತ್ತಲೇ ಹೋಗುತ್ತದೆ.