ಹೊಸ ಕೀಬೋರ್ಡಿನ ನಿರೀಕ್ಷೆ, ತೋಡಿಯ ಗಾಂಧಾರ

ಪ್ರತಿವರ್ಷ ಜನವರಿ ಸಮೀಪಿಸಿದಂತೆ ಜಗತ್ತಿನ ವಾದ್ಯಪ್ರಿಯರ ದೃಷ್ಟಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ನಗರದ ಕಡೆಗೆ ತಿರುಗುತ್ತದೆ. ಅಲ್ಲಿ ನೆರೆಯುವ ‘ನ್ಯಾಮ್’ ಮೇಳದಲ್ಲಿ ಯಮಹಾ, ರೋಲ್ಯಾಂಡ್, ಕಾರ್ಗ್, ಕ್ಯಾಸಿಯೊ ಮೊದಲಾದ ಕಂಪನಿಗಳು ತಮ್ಮ ಹೊಸ ಸಿಂಥಸೈಜರುಗಳನ್ನೂ ಕೀಬೋರ್ಡುಗಳನ್ನೂ ವರ್ತಕರ ಮುಂದಿಡುವುದು ವಾಡಿಕೆ. 1901ರಲ್ಲಿ ಪಿಯಾನೋ ಮಾರುವವರ ಸಂಘವಾಗಿ ಹುಟ್ಟಿದ ಸಂಸ್ಥೆಯೊಂದು ಈ ಮೇಳವನ್ನು ನಡೆಸುತ್ತದೆ. ಕೊರೊನಾದ ವರ್ಷಗಳಲ್ಲಿ ಅದು 2022ರಲ್ಲಿ ಜೂನ್‌ಗೂ 2023ರಲ್ಲಿ ಏಪ್ರಿಲ್‌ಗೂ ಸರಿದು, 2024ರಲ್ಲಿ ಮತ್ತೆ ಜನವರಿಗೆ ಮರಳಿತು.

ಆ ನಿರೀಕ್ಷೆಯ ಅಲೆ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೂ ತಲುಪುತ್ತದೆ. ಊರಹಬ್ಬದ ವಾದ್ಯಗೋಷ್ಠಿಯಲ್ಲಿ ನುಡಿಸುವ ಯುವಕನಿಗೆ ಹೊಸ ಮಾದರಿಯ ಕುತೂಹಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಸಹಪಾಠಿಯ ಕೀಬೋರ್ಡನ್ನು ಮುಟ್ಟಿ ನೋಡಿ ಬಂದ ಬಾಲಕಿಗೆ ತನಗೂ ಒಂದು ಬೇಕೆಂಬ ಹಂಬಲ. ಈಗಲೇ ಕೊಳ್ಳಬೇಕೆ, ಮೇಳ ಮುಗಿದು ಹೊಸದು ಬರುವವರೆಗೆ ತಡೆಯಬೇಕೆ ಎಂಬ ಪ್ರಶ್ನೆ ತಂದೆತಾಯಿಗಳ ಮುಂದೆ ನಿಲ್ಲುತ್ತದೆ. ತಿಂಗಳ ಸಂಬಳದಲ್ಲಿ ಉಳಿಸಿಟ್ಟ ಹಣದ ಪ್ರಶ್ನೆಯಾದುದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಈ ಎರಡು ಜಿಲ್ಲೆಗಳ ಜನರಿಗೆ ವ್ಯಾಪಾರ ಮೇಳವೆಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಯಮತ್ತೂರಿನ ಕೊಡಿಸಿಯಾ ಸಭಾಂಗಣಗಳಲ್ಲಿ ಪಂಪು, ಮೋಟಾರು, ಕೃಷಿ ಯಂತ್ರ, ನೂಲಿನ ಗಿರಣಿಗಳ ಸಲಕರಣೆಗಳ ಪ್ರದರ್ಶನಗಳು ನಡೆಯುತ್ತಲೇ ಇರುತ್ತವೆ. ಹೆಣಿಗೆ ಉಡುಪುಗಳ ಊರಾದ ತಿರುಪ್ಪೂರಿನಲ್ಲಿಯೂ ಹಾಗೆಯೇ. ಅಂತಹ ಮೇಳದಲ್ಲಿ ಯಂತ್ರ ನೋಡಲು ಹೋಗುವ ಅನುಭವಸ್ಥ ಹೊಳೆಯುವ ಬಣ್ಣಕ್ಕೆ ಮರುಳಾಗುವುದಿಲ್ಲ. ಯಾವ ನಂಬರಿನ ನೂಲು ಇದರಲ್ಲಿ ಓಡುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳುತ್ತಾನೆ. ತನ್ನ ನೂಲು ಎಂತಹುದೆಂದು ಅರಿತವನಿಗೆ ಮಾತ್ರ ಯಂತ್ರದ ಯೋಗ್ಯತೆಯನ್ನು ಅಳೆಯಲು ಸಾಧ್ಯ. ಸಂಗೀತದ ಯಂತ್ರವನ್ನು ಕೊಳ್ಳುವಾಗಲೂ ಇದೇ ವಿವೇಕ ಬೇಕು.

ಮಗ್ಗಕ್ಕೂ ಸಂಗೀತ ಯಂತ್ರಕ್ಕೂ ಇರುವ ನಂಟು ಬರಿಯ ಹೋಲಿಕೆಯದಲ್ಲ. ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಬಾಸಿಲ್ ಬುಶೋನ್ ಎಂಬ ರೇಷ್ಮೆ ಕೆಲಸಗಾರ 1725ರಲ್ಲಿ ತೂತು ಕೊರೆದ ಕಾಗದದ ಪಟ್ಟಿಯಿಂದ ಮಗ್ಗದ ಎಳೆಗಳನ್ನು ನಿಯಂತ್ರಿಸುವ ಉಪಾಯವನ್ನು ಕಂಡುಹಿಡಿದ. ಅವನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುವವನು. ಅದೇ ದಾರಿಯಲ್ಲಿ ಮುಂದುವರಿದು 1804ರಲ್ಲಿ ಜಕಾರ್ಡ್ ಎಂಬಾತ ರಟ್ಟುಗಳ ಸರಪಣಿಯ ಮೇಲೆ ನಡೆಯುವ ಸಾಧನವನ್ನು ರೂಪಿಸಿದ. ಸಿರುಮುಗೈಯ ರೇಷ್ಮೆ ಸೀರೆಯ ಸೆರಗಿನ ಮೇಲೆ ಚಿತ್ತಾರ ಮೂಡಿಸುವ ಜಕಾರ್ಡು ಅದರ ಸಂತತಿ. 1892ರಲ್ಲಿ ಪ್ಯಾರಿಸ್ಸಿನ ಗಾವಿಯೋಲಿ ಮನೆತನದವರು ಇದೇ ಬಗೆಯ ತೂತಿನ ರಟ್ಟುಗಳನ್ನು ಆರ್ಗನ್ ನುಡಿಸಲು ಬಳಸಿದರು. ಮಗ್ಗಕ್ಕೆ ಹೋದ ವಿದ್ಯೆ ವಾದ್ಯಕ್ಕೆ ಹಿಂದಿರುಗಿತು. ಇಂದಿನ ಸಿಂಥಸೈಜರಿನಲ್ಲಿರುವ ‘ಸೀಕ್ವೆನ್ಸರ್’ ಆ ರಟ್ಟುಗಳ ವಿದ್ಯುತ್ ರೂಪ. ರೋಲ್ಯಾಂಡ್ ಕಂಪನಿಯ 1980ರ ಟಿಆರ್-808 ತಾಳಯಂತ್ರದಲ್ಲಿ ಸಾಲಾಗಿ ಜೋಡಿಸಿದ 16 ಗುಂಡಿಗಳಲ್ಲಿ ಯಾವುದನ್ನು ಒತ್ತಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದಕ್ಕೂ, ಚೌಕುಳಿ ಕಾಗದದ ಮೇಲೆ ಅಂಚಿನ ಹೂವನ್ನು ಗುರುತು ಹಾಕುವುದಕ್ಕೂ ಬುದ್ಧಿಯ ಕೆಲಸ ಒಂದೇ. ತಲೆಮಾರುಗಳಿಂದ ಈ ಸೀಮೆಯಲ್ಲಿ ನೆಲೆಸಿರುವ ಕನ್ನಡದ ದೇವಾಂಗ ಮನೆಗಳ ಮಕ್ಕಳಿಗೆ ಈ ಯಂತ್ರ ಅನ್ಯವಾಗಿ ತೋರಬೇಕಾಗಿಲ್ಲ.

ನ್ಯಾಮ್ ಮೇಳದ ಇತಿಹಾಸದಲ್ಲಿ 1983ರ ಜನವರಿಗೆ ವಿಶೇಷ ಸ್ಥಾನವಿದೆ. ಆ ಬಾರಿ ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್-600 ಎಂಬ ಸಿಂಥಸೈಜರನ್ನು ಜಪಾನಿನ ರೋಲ್ಯಾಂಡ್ ಕಂಪನಿಯ ಸಿಂಥಸೈಜರಿಗೆ ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಒಂದರ ಮೇಲೆ ಬೆರಳಿಟ್ಟರೆ ಇನ್ನೊಂದು ನುಡಿಯಿತು. ಪರಸ್ಪರ ಪೈಪೋಟಿಯಲ್ಲಿದ್ದ ಕಂಪನಿಗಳು ತಮ್ಮ ಯಂತ್ರಗಳಿಗೆ ಒಂದೇ ಭಾಷೆಯನ್ನು ಒಪ್ಪಿಕೊಂಡಿದ್ದವು. ಅದರ ಹೆಸರು ‘ಮಿಡಿ’. ಅದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಗ್ರ್ಯಾಮಿ ತಾಂತ್ರಿಕ ಪುರಸ್ಕಾರ ದೊರೆಯಿತು. ಆ ವರ್ಷದ ಮೇಳದಲ್ಲಿ ಮಿನುಗಿದ ಎಷ್ಟೋ ಮಾದರಿಗಳು ಇಂದು ಸಂಗ್ರಹಕಾರರ ಮನೆಗಳಲ್ಲಿವೆ. ಮಿಡಿ ಮಾತ್ರ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಬಳಕೆಯಲ್ಲಿದೆ.

ಆದರೆ ಆ ಭಾಷೆ ರೂಪುಗೊಂಡದ್ದು ಪಿಯಾನೋದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು. ಸ್ಥಾಯಿಯನ್ನು 12 ಸಮಭಾಗ ಮಾಡಿ, ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯನ್ನು ಕೊಟ್ಟು, ‘ಇಂಥ ಮನೆ, ಇಷ್ಟು ಬಲ’ ಎಂದು ಯಂತ್ರ ಯಂತ್ರಕ್ಕೆ ಹೇಳುತ್ತದೆ. ಕರ್ನಾಟಕ ಸಂಗೀತ ಕಲಿಯುವ ಮಗುವಿಗೆ ತೊಡಕು ಎದುರಾಗುವುದು ಇಲ್ಲಿಯೇ. ಮಾಯಾಮಾಳವಗೌಳದ ಸರಳೆವರಸೆಯನ್ನೂ ಮಲಹರಿಯ ಪಿಳ್ಳಾರಿ ಗೀತೆಗಳನ್ನೂ ಕೀಬೋರ್ಡಿನ ಮೇಲೆ ಒಂದು ಮಟ್ಟಿಗೆ ನುಡಿಸಬಹುದು. ಪುರಂದರದಾಸರ ಆ ಗೀತೆಗಳನ್ನು ಕೊಯಮತ್ತೂರಿನ ಸಂಗೀತ ಪಾಠದಲ್ಲಿ ಮನೆಮಾತು ಯಾವುದೇ ಆಗಿರುವ ಮಕ್ಕಳು ಕನ್ನಡದಲ್ಲಿಯೇ ಹಾಡಿ ಕಲಿಯುತ್ತಾರೆ ಎಂಬುದು ಕನ್ನಡ ಶಾಲೆಯ ಮಕ್ಕಳು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಪಾಠ ಮುಂದುವರಿದು ತೋಡಿ ರಾಗಕ್ಕೆ ಬಂದಾಗ ಕಥೆ ಬೇರೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಕೆಳಗಿನ ರಿಷಭದ ಕಡೆಗೂ ಮೇಲಿನ ಮಧ್ಯಮದ ಕಡೆಗೂ ತೂಗುತ್ತ ತನ್ನ ರೂಪವನ್ನು ತೋರುತ್ತದೆ. ಕೀಬೋರ್ಡಿನಲ್ಲಿ ಗಾಂಧಾರದ ಮನೆಯನ್ನು ಒತ್ತಿಹಿಡಿದರೆ ಸ್ವರಸ್ಥಾನ ಸರಿಯಿದ್ದರೂ ತೋಡಿ ಬರುವುದಿಲ್ಲ.

ಈ ಚರ್ಚೆ ಹೊಸದೇನಲ್ಲ. ಗಮಕ ನುಡಿಯದ ವಾದ್ಯವೆಂಬ ಆಕ್ಷೇಪವೂ ಸೇರಿದ ಕಾರಣಗಳಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ದೂರವಿಟ್ಟಿತು. 1971ರವರೆಗೆ ಆ ನಿಷೇಧ ಸಡಿಲಲಿಲ್ಲ. ಇನ್ನೊಂದು ಬಗೆಯ ಉತ್ತರವನ್ನು ಕೊಟ್ಟವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ಬ್ಯಾಂಡಿನ ವಾದ್ಯವಾಗಿದ್ದ ಸ್ಯಾಕ್ಸೋಫೋನನ್ನು ಕೈಗೆತ್ತಿಕೊಂಡು, ಅದನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡು, ದೀರ್ಘಕಾಲದ ಸಾಧನೆಯಿಂದ ಕಛೇರಿಯ ವೇದಿಕೆಗೆ ತಂದರು. ಕೀಬೋರ್ಡಿನಲ್ಲಿಯೂ ಇದು ಅಸಾಧ್ಯವಲ್ಲವೆಂಬುದಕ್ಕೆ ಚೆನ್ನೈನ ಕೆ. ಸತ್ಯನಾರಾಯಣನ್ ಅವರ ವಾದನ ಸಾಕ್ಷಿ. ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರವನ್ನು ಎಡಗೈಯಿಂದ ಆಡಿಸುತ್ತ, ಬಲಗೈಯಿಂದ ಮನೆಗಳನ್ನು ಒತ್ತುತ್ತ ಅವರು ರಾಗವನ್ನು ನುಡಿಸುತ್ತಾರೆ. ಚಕ್ರ ತಾನೇ ಗಮಕವನ್ನು ಕೊಡುವುದಿಲ್ಲ. ಗಮಕ ಮೊದಲು ಕಿವಿಯಲ್ಲಿಯೂ ಕಂಠದಲ್ಲಿಯೂ ಇದ್ದರೆ ಮಾತ್ರ ಕೈ ಅದನ್ನು ಹುಡುಕಿ ತೆಗೆಯುತ್ತದೆ.

ಹೊಸ ವಾದ್ಯಗಳಿಂದ ನಿಜವಾಗಿ ನಿರೀಕ್ಷಿಸಬೇಕಾದದ್ದು ಈ ನಿಟ್ಟಿನಲ್ಲಿಯೇ ಇದೆ. ಮೊದಲಿನ ಮಿಡಿಯಲ್ಲಿ ಚಕ್ರವನ್ನು ಆಡಿಸಿದರೆ ಆ ವಾಹಿನಿಯಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. ಒಂದೊಂದು ಬೆರಳಿನ ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುವ ‘ಎಂಪಿಇ’ ಎಂಬ ಕ್ರಮ 2018ರಲ್ಲಿ ಅಂಗೀಕಾರ ಪಡೆಯಿತು. 2020ರ ಜನವರಿಯಲ್ಲಿ ಪ್ರಕಟವಾದ ಮಿಡಿ 2.0 ಈ ಸೂಕ್ಷ್ಮತೆಯನ್ನು ಇನ್ನಷ್ಟು ಹೆಚ್ಚಿಸಿದೆ. ಫ್ರಾನ್ಸಿನ ಎಕ್ಸ್‌ಪ್ರೆಸಿವ್ ಇ ಕಂಪನಿಯ ಓಸ್ಮೋಸ್ ಎಂಬ ವಾದ್ಯದಲ್ಲಿ ಒತ್ತಿದ ಮನೆಯನ್ನೇ ಬೆರಳಿನಿಂದ ಅತ್ತಿತ್ತ ಅಲುಗಿಸಿದರೆ ಸ್ವರ ಕಂಪಿಸುತ್ತದೆ. ವೀಣೆಯ ತಂತಿಯನ್ನು ಎಳೆಯುವ ಕೈಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಇದೇ ವಾದ್ಯ ಇನ್ನೊಂದು ಪಾಠವನ್ನೂ ಹೇಳುತ್ತದೆ. 2019ರ ಕೊನೆಯಲ್ಲಿ ಪ್ರಕಟವಾದ ಅದು ಗ್ರಾಹಕರ ಕೈ ಸೇರಲು ಸುಮಾರು ಮೂರು ವರ್ಷ ಹಿಡಿಯಿತು. ಮೇಳದಲ್ಲಿ ಕಂಡದ್ದು ಅಂಗಡಿಗೆ ಬರುವ ಹೊತ್ತಿಗೆ ಏಳನೆಯ ತರಗತಿಯ ಮಗು ಪ್ರೌಢಶಾಲೆಯನ್ನು ಮುಗಿಸುತ್ತಿರಬಹುದು. ಕಲಿಯುವ ಹುಮ್ಮಸ್ಸು ಇರುವಾಗ ಮೇಳಕ್ಕಾಗಿ ಕಾಯಿಸುವುದು ಲಾಭದ ವ್ಯವಹಾರವಲ್ಲ.

ಹಾಗಾದರೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳಾವುವು? ಮೊದಲನೆಯದಾಗಿ, ಬೇಕಾದುದು ಯಾವ ಜಾತಿಯ ವಾದ್ಯವೆಂದು ತಿಳಿಯಬೇಕು. ತಾಳವೂ ಸ್ಪೀಕರೂ ಒಳಗೇ ಇರುವ ಸಾಧಾರಣ ಕೀಬೋರ್ಡು ಬೇರೆ; ನಾದವನ್ನು ಮೊದಲಿನಿಂದ ರೂಪಿಸಿಕೊಳ್ಳುವ ಸಿಂಥಸೈಜರ್ ಬೇರೆ; ತಾನೇ ನಾದ ಹೊರಡಿಸದೆ ಕಂಪ್ಯೂಟರಿಗೆ ಸೂಚನೆ ಕಳುಹಿಸುವ ಮಿಡಿ ಕಂಟ್ರೋಲರ್ ಬೇರೆ. ಎರಡನೆಯದಾಗಿ, ಬೆರಳಿನ ಬಲಕ್ಕೆ ತಕ್ಕಂತೆ ನಾದ ಹಿಗ್ಗಿ ಕುಗ್ಗುತ್ತದೆಯೆ, ಪಿಚ್ ಬೆಂಡ್ ಚಕ್ರವಿದೆಯೆ, ಅದರ ವ್ಯಾಪ್ತಿಯನ್ನು ಬದಲಾಯಿಸಬಹುದೆ ಎಂದು ನೋಡಬೇಕು. ಗಾಯನಕ್ಕೆ ಜೊತೆಯಾಗಬೇಕಾದರೆ ಶ್ರುತಿಯನ್ನು ಏರಿಸಿ ಇಳಿಸುವ ಸೌಲಭ್ಯ ಅಗತ್ಯ. ಮೂರನೆಯದಾಗಿ, ಕೆಟ್ಟರೆ ಕೊಯಮತ್ತೂರಿನಲ್ಲಿಯೇ ರಿಪೇರಿಯಾಗುತ್ತದೆಯೆ ಎಂದು ವಿಚಾರಿಸಬೇಕು. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುವುದುಂಟು. ಮೇಳದ ಸುದ್ದಿಯಿಂದ ಸಾಮಾನ್ಯ ಕುಟುಂಬಕ್ಕೆ ದೊರೆಯುವ ನೇರ ಪ್ರಯೋಜನ ಹೆಚ್ಚಾಗಿ ಇದೇ.

ಕೇಳುವವರಿದ್ದರೆ ತಯಾರಕರು ಕಿವಿಗೊಡುತ್ತಾರೆ ಎಂಬುದಕ್ಕೆ ನಿದರ್ಶನಗಳಿವೆ. ಅರಬ್ ಸಂಗೀತಕ್ಕೆ 12 ಮನೆಗಳ ನಡುವಿನ ಕಾಲು ಸ್ವರಗಳು ಬೇಕು. ಅಲ್ಲಿನ ವಾದಕರ ಬೇಡಿಕೆಯಿಂದಾಗಿ ಯಮಹಾ, ಕಾರ್ಗ್, ಕ್ಯಾಸಿಯೊ ಕಂಪನಿಗಳು ಅಂತಹ ಸ್ವರಗಳನ್ನು ಸುಲಭವಾಗಿ ಹೊಂದಿಸಿಕೊಳ್ಳುವ ಪ್ರತ್ಯೇಕ ಮಾದರಿಗಳನ್ನೇ ಹೊರತಂದವು. ಭಾರತಕ್ಕಾಗಿ ಯಮಹಾ ರೂಪಿಸಿದ ಪಿಎಸ್‌ಆರ್-ಐ ಸರಣಿಯಲ್ಲಿ ತಂಬೂರಿ, ತಬಲಾಗಳ ನಾದ ಸೇರಿದೆ. ಆ ಕಂಪನಿಯ ಕಾರ್ಖಾನೆಯೊಂದು ಕೆಲವು ವರ್ಷಗಳಿಂದ ಚೆನ್ನೈ ಸಮೀಪದಲ್ಲಿಯೇ ನಡೆಯುತ್ತಿದೆ. ತಂಬೂರಿಯ ನಾದವನ್ನು ಕೊಡುವುದು ಸುಲಭ, ತೋಡಿಯ ಗಾಂಧಾರವನ್ನು ಕೊಡುವುದು ಕಠಿಣ. ಎರಡನೆಯದನ್ನು ಕೇಳುವ ಧ್ವನಿ ಇನ್ನೂ ಸಾಕಷ್ಟು ಗಟ್ಟಿಯಾಗಿಲ್ಲ.

ಕೇಳಿ ಕಾಯುವುದಕ್ಕಿಂತ ಮಾಡಿ ತೋರಿಸಿದವರೂ ಇದ್ದಾರೆ. ಮನೆಯಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ತಂಬೂರಿ ಮೀಟುವವರು ಯಾರು ಎಂಬ ಕಷ್ಟ ಯಾವ ವಿದೇಶಿ ಮೇಳದ ಗಮನಕ್ಕೂ ಬಂದಿರಲಿಲ್ಲ. ಅದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯರು ಬೆಂಗಳೂರಿನ ಜಿ. ರಾಜನಾರಾಯಣ್. ಅವರು ಇಂಜಿನಿಯರೂ ಹೌದು, ಕೊಳಲುವಾದಕರೂ ಹೌದು. 1970ರ ದಶಕದ ಕೊನೆಯಿಂದ ಅವರು ರೂಪಿಸಿದ ವಿದ್ಯುತ್ ಶ್ರುತಿಪೆಟ್ಟಿಗೆ, ತಂಬೂರಿ ಮತ್ತು ತಾಳಯಂತ್ರಗಳು ‘ರಾಡೆಲ್’ ಎಂಬ ಹೆಸರಿನಲ್ಲಿ ದಕ್ಷಿಣ ಭಾರತದ ಸಂಗೀತದ ಮನೆಗಳನ್ನು ಹೊಕ್ಕವು. ಮುಂದೆ ವಿದ್ಯುತ್ ವೀಣೆಯೂ ಬಂತು. ಬೆಂಗಳೂರಿನವರೇ ಆದ ಕೆ. ವರದರಂಗನ್ ಚರ್ಮದ ಬದಲು ಕೃತಕ ವಸ್ತುವಿನಿಂದ ಮೃದಂಗವನ್ನು ಸಿದ್ಧಪಡಿಸಿದರು. ಅವರೂ ಇಂಜಿನಿಯರೇ, ಸಂಗೀತ ಬಲ್ಲವರೇ. ಎರಡು ವಿದ್ಯೆಗಳೂ ಒಬ್ಬರಲ್ಲಿಯೇ ಕೂಡಿದ್ದರಿಂದ, ಏನು ಬೇಕೆಂದು ಅವರಿಗೆ ಇನ್ನೊಬ್ಬರು ವಿವರಿಸಬೇಕಾಗಲಿಲ್ಲ.

ಕೊಯಮತ್ತೂರು ಮತ್ತು ತಿರುಪ್ಪೂರಿನಲ್ಲಿ ಮೋಟಾರನ್ನು ಬಿಚ್ಚಿ ಕಟ್ಟಬಲ್ಲ, ಹೆಣಿಗೆ ಯಂತ್ರದ ಕಂಪ್ಯೂಟರ್ ಫಲಕವನ್ನು ಸರಿಪಡಿಸಬಲ್ಲ ಕೈಗಳಿಗೆ ಕೊರತೆಯಿಲ್ಲ. ಇಂಜಿನಿಯರಿಂಗ್ ಕಾಲೇಜುಗಳಿಗಂತೂ ಬರವೇ ಇಲ್ಲ. ಕನ್ನಡ ಶಾಲೆಯಲ್ಲಿ ಓದಿ, ಸಂಜೆ ಪಾಠದಲ್ಲಿ ಕಂಪಿತ, ಜಾರು, ಸ್ಫುರಿತಗಳ ಭೇದವನ್ನು ಹಾಡಿ ತಿಳಿದ ಮಗು ನಾಳೆ ಆ ಕಾಲೇಜಿನ ಪ್ರಯೋಗಾಲಯವನ್ನು ಸೇರಿದರೆ, ಅನಾಹೈಮಿನ ಮಳಿಗೆಗಳಲ್ಲಿ ಇನ್ನೂ ಕಾಣದ ವಾದ್ಯವನ್ನು ಕಲ್ಪಿಸುವ ಸಾಮಗ್ರಿ ಅದರ ಬಳಿ ಇರುತ್ತದೆ. ಆದುದರಿಂದ ಈ ಜನವರಿಯಲ್ಲಿ ಕೀಬೋರ್ಡು ಕೊಳ್ಳುವ ಮನೆಯವರು ಕೊಳ್ಳಲಿ, ಮುಂದೂಡುವವರು ಮುಂದೂಡಲಿ. ಮಗುವಿನ ಹಾಡಿನ ಪಾಠವನ್ನು ಮಾತ್ರ ಒಂದು ದಿನವೂ ಮುಂದೂಡಬಾರದು.