ಎಂಜಿನ್ನಿನ ದೀಪವೂ ಸಾಕ್ಷಿಯ ಮಾತೂ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಕಂಡದ್ದು ಹೊಗೆಯೋ ಮಂಜೋ ಎಂಬುದನ್ನು ಮುಂಚಿತವಾಗಿ ನಿಶ್ಚಯಿಸಿಕೊಳ್ಳಬೇಕೆಂಬುದೂ ಅದೇ ಶಾಸ್ತ್ರದ ವಿಧಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು, ಮೊನ್ನೆ ನಮ್ಮ ಮನೆಯ ಹಳೆಯ ವ್ಯಾನಿನ ವಿಷಯದಲ್ಲಿ ಇದನ್ನು ಮರೆತೆವು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ವ್ಯಾನು ಬೆಳಗ್ಗೆ ಚೆನ್ನಾಗಿಯೇ ಹೊರಡುತ್ತಿದ್ದಿತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಮಾತ್ರ ಮತ್ತೆ ಹೊರಡಲು ಹಟಮಾಡುವುದು. ಹಿಂದಿನ ಕೊಳವೆಯಿಂದ ಕರಿಯ ಹೊಗೆ. ಪೆಟ್ರೋಲಿನ ವೆಚ್ಚವೂ ಏರಿತು. ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿಯ ದೀಪ ಹೊತ್ತಿ ನಿಂತಿತು.

ಮೆಕ್ಯಾನಿಕನು ನಮ್ಮ ಹಳೆಯ ಶಿಷ್ಯ. ಸ್ಕ್ಯಾನರನ್ನು ಜೋಡಿಸಲು ಪಿ 0118 ಎಂಬ ಸಂಕೇತ ಬಂದಿತು. ಎಂಜಿನ್ನನ್ನು ತಣಿಸುವ ನೀರಿನ ಶಾಖವನ್ನಳೆಯುವ ಸೆನ್ಸರಿನ ಮಾರ್ಗದಲ್ಲಿ ವೋಲ್ಟೇಜು ಮಿತಿಮೀರಿದೆಯೆಂದು ಅದರ ಅರ್ಥ. ಆತನು ಸೆನ್ಸರನ್ನು ಬದಲಾಯಿಸಿ ಹಣ ಪಡೆದನು. ಎರಡೇ ದಿನಗಳಲ್ಲಿ ದೀಪವು ಮರಳಿ ಹೊತ್ತಿತು. ನಾವು ಅಂಗಡಿಗೆ ಹೋಗಿ, ನಾಲ್ಕು ಜನರ ಎದುರಿಗೆ, “ನಕಲಿ ಸಾಮಾನು ಹಾಕಿದೆಯಾ?” ಎಂದುಬಿಟ್ಟೆವು. ಆತನ ಮುಖ ಬಾಡಿತು. “ಮೇಷ್ಟ್ರೇ, ಒಂದು ರಾತ್ರಿ ಗಾಡಿಯನ್ನು ಇಲ್ಲೇ ಬಿಡಿ” ಎಂದಷ್ಟೇ ಹೇಳಿದನು.

ಮರುದಿನ ಬೆಳಗ್ಗೆ ನಮ್ಮನ್ನು ಕರೆಸಿ ತೋರಿಸಿದನು. ರಾತ್ರಿಯೆಲ್ಲ ನಿಂತ ಎಂಜಿನ್ನಿನ ನೀರೂ ಹೊರಗಿನ ಗಾಳಿಯೂ ಹೆಚ್ಚುಕಡಮೆ ಒಂದೇ ಶಾಖದಲ್ಲಿರಬೇಕಷ್ಟೆ. ಸ್ಕ್ಯಾನರಿನಲ್ಲಿ ಗಾಳಿ 24 ಡಿಗ್ರಿ. ನೀರಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೆ! ಹಿಮಾಲಯದ ಶಿಖರದ ಚಳಿ ನಮ್ಮ ಊರಿನ ವ್ಯಾನಿನೊಳಗೆ ಹೇಗೆ ಬಂದೀತು?

ಈ ಸೆನ್ಸರು ತಣ್ಣಗಿರುವಾಗ ವಿದ್ಯುತ್ತನ್ನು ಹೆಚ್ಚು ತಡೆಯುವುದು. ಬಿಸಿಯಾದಂತೆ ತಡೆ ಕುಗ್ಗುವುದು. ತಂತಿ ಕಡಿದರೆ ತಡೆಗೆ ಮಿತಿಯೇ ಇಲ್ಲ. ಎಂಜಿನ್ನಿನ ಕಂಪ್ಯೂಟರು ಅದನ್ನು ಘೋರವಾದ ಚಳಿಯೆಂದು ಬಗೆಯುವುದು. ಚಳಿಯಲ್ಲಿ ಪೆಟ್ರೋಲು ಹೆಚ್ಚು ಬೇಕು. ಹಾಗೆಂದೇ ಹೆಚ್ಚು ಸುರಿಯುವುದು. ಕರಿಹೊಗೆಯ ಮೂಲ ಇದೇ.

ಶಿಷ್ಯನು ನಾವು ತೆಗೆದಿಟ್ಟಿದ್ದ ಹಳೆಯ ಸೆನ್ಸರನ್ನು ಮೀಟರಿಗೆ ಹಚ್ಚಿದನು: ಸುಮಾರು 2 ಸಾವಿರ ಓಮ್. ಕುದಿನೀರಿನಲ್ಲಿ ಅದ್ದಿದನು: ಸುಮಾರು 200 ಓಮಿಗೆ ಇಳಿಯಿತು. ಅದು ನಿರ್ದೋಷಿ! ಬಳಿಕ ಸೆನ್ಸರಿನ ಪ್ಲಗ್ಗನ್ನು ಕಳಚಿ, ಅದರ ಎರಡು ಕಾಲುಗಳನ್ನು ಚಿಕ್ಕ ತಂತಿಯಿಂದ ಕೂಡಿಸಿದನು. ಮಾರ್ಗ ಸರಿಯಾಗಿದ್ದರೆ ಆಗ ತೆರೆಯ ಮೇಲೆ ವಿಪರೀತವಾದ ಶಾಖ ಕಾಣಬೇಕು. ಕಾಣಲಿಲ್ಲ, ಅದೇ 40ರ ಚಳಿ. ಅನ್ವಯ ವ್ಯತಿರೇಕಗಳೆಂದು ನಾವು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದುದನ್ನು ಆತನು ಕೈಯಿಂದ ಮಾಡಿ ತೋರಿಸಿದನು. ಪ್ಲಗ್ಗಿನ ಹಿಂಬದಿಯನ್ನು ಬಿಡಿಸಲು, ಹಸುರು ಕಿಲುಬು ಹಿಡಿದು ತಂತಿ ಒಳಗೇ ಕಡಿದಿತ್ತು. ಹೊಸ ಪಿನ್ನು ಹಾಕಿದ ಮೇಲೆ ನೀರೂ ಗಾಳಿಯೂ 25ರ ಆಸುಪಾಸಿನಲ್ಲಿ ಒಂದಾದುವು.

ವಾಚಕರಿಗೆ ಎರಡು ಸೂಚನೆಗಳು. ಸಂಕೇತವು ದೋಷವಿರುವ ಮಾರ್ಗವನ್ನು ಹೇಳುವುದೇ ಹೊರತು, ಬದಲಾಯಿಸತಕ್ಕ ವಸ್ತುವನ್ನಲ್ಲ. ತಂತಿ ಕೂಡಿಸುವ ಪರೀಕ್ಷೆ ಎರಡೇ ಕಾಲುಗಳುಳ್ಳ ಈ ಶಾಖದ ಸೆನ್ಸರಿಗೆ ಮಾತ್ರ. ಮಿಕ್ಕವುಗಳಲ್ಲಿ ಮಾಡಿದರೆ ಕೆಡುಕಾದೀತು. ಬಲ್ಲವರಿಂದಲೇ ಮಾಡಿಸುವುದು ಲೇಸು.

ಶಿಷ್ಯನು ಸೆನ್ಸರಿನ ಹಣವನ್ನು ನಮ್ಮ ಕೈಗಿಡುತ್ತ, “ಮೊದಲ ದಿನವೇ ತಂತಿಯನ್ನು ನೋಡಬೇಕಿತ್ತು, ಮೇಷ್ಟ್ರೇ, ತಪ್ಪು ನನ್ನದು” ಎಂದನು. ತನ್ನ ತಪ್ಪನ್ನು ಆತನು ಒಪ್ಪಿಕೊಂಡನು. ನಮ್ಮ ತಪ್ಪನ್ನು ನಾವು ಅಂದೇ ಒಪ್ಪಿಕೊಳ್ಳಲಿಲ್ಲ. ನಾಲ್ಕು ಜನರ ಎದುರಿಗೆ ಆಡಿದ ಮಾತನ್ನು ಮರಳಿ ಪಡೆಯಲು ಆ ನಾಲ್ವರೂ ಇರುವ ಹೊತ್ತೇ ಬೇಕಾಯಿತು. ಮರುವಾರ ಸಂಜೆ ಹೋಗಿ, ಅವರೆದುರಿಗೇ ಆತನ ಕ್ಷಮೆ ಬೇಡಿ ಬಂದೆವು.