ವ್ಯವಸ್ಥೆಯ ಹೆಸರೂ ಅದರ ಸಾಮರ್ಥ್ಯವೂ

ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸುವ ಕೆಲಸವನ್ನು ಸಾಮಾನ್ಯವಾಗಿ ಇನ್‌ಸ್ಟಾಲೇಶನ್ ಸ್ಕ್ರಿಪ್ಟ್, ಅಂದರೆ ಬೇಕಾದ ಆದೇಶಗಳನ್ನು ಸರದಿಯಂತೆ ತಾನೇ ನಡೆಸುವ ಕಡತ, ನಿರ್ವಹಿಸುತ್ತದೆ. ಬಳಕೆ ಕಡಿಮೆಯಿರುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದು ಮುಗ್ಗರಿಸಿದಾಗ ದೋಷವನ್ನು ಆ ಸಿಸ್ಟಮ್‌ನ ಮೇಲೆಯೇ ಹೊರಿಸುವುದು ರೂಢಿಯಾದರೂ, ಕಾರಣಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಸ್ಕ್ರಿಪ್ಟ್ ಬರೆದವರು ಪರೀಕ್ಷಿಸದೆ ನಂಬಿದ ಸಂಗತಿಗಳಿಂದಲೇ ಹುಟ್ಟಿದವೆಂದು ತಿಳಿಯುತ್ತದೆ.

ಇಂಥ ತೊಡಕು ಹೊಸದಲ್ಲ; ಹೈದರಾಬಾದಿನ ಉದಾಹರಣೆಯನ್ನೇ ನೋಡಬಹುದು. 1967ರಲ್ಲಿ ಅಲ್ಲಿ ಸ್ಥಾಪನೆಯಾದ ಇಸಿಐಎಲ್ ಸಂಸ್ಥೆ ಟಿಡಿಸಿ-12 ಎಂಬ ಕಂಪ್ಯೂಟರನ್ನು ತಯಾರಿಸಿದ ಕಾಲದಲ್ಲಿ, ಬೇರೊಂದು ಯಂತ್ರಕ್ಕೆಂದು ಬರೆದ ತಂತ್ರಾಂಶ ಅದರಲ್ಲಿಯೂ ನಡೆಯುತ್ತದೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಮುಂದೆ ಅದೇ ನಗರದಲ್ಲಿ ಸ್ವೇಚ್ಛ ಸಂಘಟನೆ ತೆಲುಗಿನಲ್ಲಿ ಬಳಸಬಹುದಾದ ಲಿನಕ್ಸ್ ಸಿಸ್ಟಮ್ ಒಂದನ್ನು ರೂಪಿಸಿತು. ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ಬಾಸ್ ಲಿನಕ್ಸನ್ನು ಹೊರತಂದಿತು. ತಳಹದಿ ಸರ್ವಪರಿಚಿತವಾಗಿದ್ದು ಹೆಸರು ಮಾತ್ರ ಅಪರಿಚಿತವಾಗಿರುವ ಇಂಥ ಸಿಸ್ಟಮ್‌ಗಳ ಪಾಡು ನಿಜಕ್ಕೂ ಅನ್ಯಾಯದ್ದು. ಸಿಸ್ಟಮ್‌ನ ಗುರುತನ್ನು ಹೇಳುವ ಓಎಸ್-ರಿಲೀಸ್ ಕಡತವನ್ನು ಓದಿ, ಅಲ್ಲಿ ಉಬುಂಟು ಅಥವಾ ಡೆಬಿಯನ್ ಎಂಬ ಹೆಸರಿಲ್ಲದಿದ್ದರೆ ನಿಂತುಬಿಡುವ ಸ್ಕ್ರಿಪ್ಟ್, ತನಗೆ ಬೇಕಾದುದೆಲ್ಲ ಎದುರಿಗಿದ್ದರೂ ಇಲ್ಲವೆಂದು ತೀರ್ಮಾನಿಸುತ್ತದೆ. ಸಿಸ್ಟಮ್ ಯಾವ ಮೂಲದ್ದೆಂದು ತಿಳಿಸಲು ಅದೇ ಕಡತದಲ್ಲಿ ಐಡಿ-ಲೈಕ್ ಎಂಬ ಸಾಲಿಗೆ ಅವಕಾಶವಿದ್ದರೂ ಅದನ್ನು ಓದುವ ತಾಳ್ಮೆ ಎಲ್ಲ ಸ್ಕ್ರಿಪ್ಟ್‌ಗಳಿಗಿಲ್ಲ.

ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಎಂಬ ಸಿಸ್ಟಮ್‌ನಲ್ಲಿ ತೊಡಕು ಇನ್ನೂ ಆಳದ್ದು. ಆದೇಶಗಳನ್ನು ಅರ್ಥೈಸಿ ನಡೆಸುವ ಬ್ಯಾಶ್ ಶೆಲ್ ಅಲ್ಲಿ ಮೂಲ ಸಿಸ್ಟಮ್‌ನ ಭಾಗವಲ್ಲ. ಬೇರೆಯಾಗಿ ಹಾಕಿಕೊಂಡರೂ ಅದು ನೆಲೆಸುವುದು ಲಿನಕ್ಸಿನಲ್ಲಿರುವ ಜಾಗದಲ್ಲಲ್ಲ. ಆದ್ದರಿಂದ ಲಿನಕ್ಸಿನ ಹಾದಿಯನ್ನು ಮೊದಲ ಸಾಲಿನಲ್ಲೇ ಖಚಿತವಾಗಿ ಬರೆದ ಸ್ಕ್ರಿಪ್ಟ್ ಆರಂಭವಾಗುವುದೇ ಇಲ್ಲ. ಆರಂಭವಾದರೂ, ಕಡತದ ಪಠ್ಯವನ್ನು ತಿದ್ದುವ ಸೆಡ್ ಆದೇಶದ ಆಯ್ಕೆಗಳು ಎರಡೂ ಕಡೆ ಒಂದೇ ರೀತಿಯಲ್ಲಿ ವರ್ತಿಸುವುದಿಲ್ಲ, ಮತ್ತು ಪ್ರೋಗ್ರಾಮುಗಳನ್ನು ಕಟ್ಟಲು ಮೇಕ್ ಎಂಬ ಹೆಸರಿನಲ್ಲಿ ದೊರೆಯುವುದು ಲಿನಕ್ಸಿನಲ್ಲಿ ರೂಢಿಯಲ್ಲಿರುವ ಗ್ನೂ ಮೇಕ್ ಅಲ್ಲದ ಬೇರೊಂದು ಸಾಧನ. ಇಂಥಲ್ಲಿ ಪರದೆಯ ಮೇಲಿನ ಕೊನೆಯ ದೋಷಸಂದೇಶವನ್ನಷ್ಟೇ ನಂಬುವವರು ದಾರಿ ತಪ್ಪುತ್ತಾರೆ. ನಡೆಸುವ ಪ್ರತಿ ಆದೇಶವನ್ನೂ ಶೆಲ್ ತೋರಿಸುವಂತೆ ಮಾಡಿ, ಮೊದಲು ತಪ್ಪಿದ ಹೆಜ್ಜೆಯನ್ನು ಹಿಡಿಯುವುದೇ ಸರಿಯಾದ ಕ್ರಮ.

ಈ ತೊಡಕುಗಳಿಗೆ ಉತ್ತರ ದಶಕಗಳ ಹಿಂದೆಯೇ ದೊರೆತಿತ್ತೆಂಬುದು ಗಮನಾರ್ಹ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಹತ್ತಾರು ರೂಪಗಳು ಪರಸ್ಪರ ಹೊಂದದೆ ಇದ್ದ ಕಾಲದಲ್ಲಿ, 1987ರಲ್ಲಿ ಪರ್ಲ್ ಭಾಷೆಯನ್ನು ಬಿಡುಗಡೆ ಮಾಡಿದ ಲ್ಯಾರಿ ವಾಲ್ ಅದರೊಡನೆ ಕಾನ್ಫಿಗರ್ ಎಂಬ ಸ್ಕ್ರಿಪ್ಟನ್ನು ಕೊಟ್ಟರು. ಒಂದು ಸೌಲಭ್ಯ ಇದೆಯೇ ಎಂದು ಯಂತ್ರದಲ್ಲೇ ಹುಡುಕಿ ನೋಡುವುದು ಅದರ ಮುಖ್ಯ ಗುಣ. 1991ರಲ್ಲಿ ಬಂದ ಆಟೋಕಾನ್ಫ್ ಈ ವಿಧಾನವನ್ನು ಸರ್ವಸಾಮಾನ್ಯಗೊಳಿಸಿತು. ಅದು ಹುಟ್ಟಿಸುವ ಸ್ಕ್ರಿಪ್ಟ್ ಚಿಕ್ಕ ಚಿಕ್ಕ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡಿ, ಸೋತ ಪರೀಕ್ಷೆಯ ವಿವರವನ್ನು ಲಾಗ್ ಕಡತದಲ್ಲಿ ಬರೆದಿಡುತ್ತದೆ.

ಎಲ್ಲ ಸಿಸ್ಟಮ್‌ಗಳಲ್ಲೂ ಪರೀಕ್ಷೆ ನಡೆಸಲು ಭಾಷೆಯ ನಿರ್ಮಾಪಕರಿಗೆ ಜನವೂ ಯಂತ್ರವೂ ಸಾಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸಾಮರ್ಥ್ಯವನ್ನು ವಿಚಾರಿಸುವ ಸ್ಕ್ರಿಪ್ಟ್ ತಾನು ಕಂಡಿರದ ಸಿಸ್ಟಮ್‌ನಲ್ಲಿಯೂ ಬಹುಮಟ್ಟಿಗೆ ನಡೆಯುತ್ತದೆ, ಹೆಸರಿನ ಪಟ್ಟಿಯಾದರೋ ಹೊಸದೊಂದು ಬಂದಾಗಲೆಲ್ಲ ಹಳತಾಗುತ್ತದೆ. ಹಾಗೆಂದು ಹೆಸರು ಸಂಪೂರ್ಣ ನಿರರ್ಥಕವೂ ಅಲ್ಲ: ನಿರ್ದಿಷ್ಟ ಸಿಸ್ಟಮ್‌ನ ಗೊತ್ತಿರುವ ದೋಷಗಳಿಗಾಗಿ ಪರ್ಲ್ ಕೂಡ ಸಿಸ್ಟಮ್‌ವಾರು ಸೂಚನಾ ಕಡತಗಳನ್ನು ಇಟ್ಟುಕೊಂಡಿದೆ. ವಿಚಾರಿಸಿ ತಿಳಿಯಲಾಗದ ಕಡೆ ಮಾತ್ರ ಹೆಸರಿನ ಮೊರೆಹೋಗಬೇಕೆಂಬುದು ಇಲ್ಲಿಯ ವಾದ.

ಬಳಸುವವರ ಕರ್ತವ್ಯವೂ ಒಂದಿದೆ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಯಾರೋ ಸ್ಕ್ರಿಪ್ಟಿನ ಒಂದು ಸಾಲನ್ನು ತಿದ್ದಿ ಕೆಲಸ ಸಾಧಿಸಿಕೊಂಡು ಸುಮ್ಮನಾದರೆ, ಭಾಷೆಯ ಮುಂದಿನ ಆವೃತ್ತಿ ಬಂದಾಗ ಅದೇ ಸಾಲು ಮತ್ತೆ ಅಡ್ಡಿಯಾಗುತ್ತದೆ. ಆ ತಿದ್ದುಪಡಿಯನ್ನು ಸಿಸ್ಟಮ್‌ನ ಆವೃತ್ತಿ ಮತ್ತು ಲಾಗ್ ಕಡತದೊಡನೆ ಮೂಲ ಯೋಜನೆಗೆ ಕಳಿಸಿದರೆ ಅದೇ ಸಿಸ್ಟಮ್ ಬಳಸುವ ಮುಂದಿನವರಿಗೆ ಆ ತೊಡಕೇ ಎದುರಾಗುವುದಿಲ್ಲ.